ಹಿತ್ತಾಳೆ ಡಬ್ಬಿಯ ಗುಲಗಂಜಿ

ಜನವರಿ ಕೊನೆ, ಕಾಫಿ ಕೊಯ್ಲಿನ ಗಡಿಬಿಡಿ. ಕಣದಲ್ಲಿ ಹಣ್ಣು ಹರವುತ್ತಿದ್ದೆ. ದೊಡ್ಡ ಮಗಳು ಓಡಿಬಂದು, "ಅಮ್ಮಾ, ಪುಟ್ಟ ಗುಲಗಂಜಿ ನುಂಗಿಬಿಟ್ಟ" ಅಂದಳು.

ನಾಲ್ಕು ವರ್ಷದ ಮಗ ಅತ್ತೆಯವರ ಹಿತ್ತಾಳೆ ಡಬ್ಬಿ ಮುಂದೆ ಕೂತಿದ್ದ. ಅತ್ತೆ ತವರಿನಿಂದ ತಂದ ಡಬ್ಬಿ ಅದು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಲದ ಕಾಳುಗಳು, ಕೆಂಪು ಮೈ, ಕಪ್ಪು ಚುಕ್ಕೆ.

"ಕಚ್ಚಿದೆಯಾ ಕಂದಾ?"

"ಇಲ್ಲ. ಗುಳುಂ."

ಸೋಮವಾರಪೇಟೆ ಕಡೆಯ ನಮ್ಮೂರಿನಿಂದ ಮಡಿಕೇರಿ ತಲುಪುವಷ್ಟರಲ್ಲಿ ಎಷ್ಟು ತಿರುವು! ಪಿಯು ಮಕ್ಕಳಿಗೆ ಹನ್ನೆರಡು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಆ ದಾರಿಯುದ್ದಕ್ಕೂ ಜೀವಕೋಶ ಪ್ರೋಟೀನ್ ಕಟ್ಟುವ ನನ್ನದೇ ಪಾಠ ತಲೆಯಲ್ಲಿ ಓಡುತ್ತಿತ್ತು, ಅದೂ ಭಯವಾಗಿ.

ಡಿಎನ್‌ಎ ಕೋಶಕೇಂದ್ರ ಬಿಟ್ಟು ಬರುವುದಿಲ್ಲ. ಅದರಲ್ಲಿ ಬರೆದ ಸೂಚನೆಯ ಬೇಕಾದ ಭಾಗದ ನಕಲಷ್ಟೇ ಎಂ-ಆರ್‌ಎನ್‌ಎ ಆಗಿ ಹೊರಗೆ ಬರುತ್ತದೆ. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಮೂರಕ್ಷರದ ಕೋಡಾನ್ ಒಟ್ಟು 64. ಅದರಲ್ಲಿ 61 ಪ್ರೋಟೀನ್ ಸರದ ಮಣಿಯಾದ ಅಮೈನೋ ಆಮ್ಲ ಯಾವುದು ಬೇಕೆಂದು ಹೇಳುತ್ತವೆ, ಉಳಿದ 3 ಇಲ್ಲಿಗೆ ಮುಗಿಸು ಎನ್ನುತ್ತವೆ. ಈ ಸಂಕೇತ ಬಿಡಿಸಿದ್ದಕ್ಕೇ 1968ರಲ್ಲಿ ನಮ್ಮ ಹರಗೋಬಿಂದ್ ಖೊರಾನಾ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಟಿ-ಆರ್‌ಎನ್‌ಎಗಳು ಒಂದೊಂದು ಅಮೈನೋ ಆಮ್ಲ ಹೊತ್ತು ತರುತ್ತವೆ, ರೈಬೋಸೋಮ್ ಪೋಣಿಸುತ್ತದೆ. ನಮ್ಮ ಜೀವಕೋಶಗಳಲ್ಲಿ ಸೆಕೆಂಡಿಗೆ ಸುಮಾರು 5–6. ಯಕೃತ್ತು ದಿನವೂ ಕಟ್ಟುವ ಆಲ್ಬುಮಿನ್ ಎಂಬ ಪ್ರೋಟೀನ್ ಸರದಲ್ಲಿ 585 ಮಣಿ! ಒಂದು ಕ್ಷಣವೂ ಬಿಡುವಿಲ್ಲದ ಕೆಲಸ.

ಗುಲಗಂಜಿಯೊಳಗಿನ ಅಬ್ರಿನ್ ಎಂಬ ವಿಷ ಕೈ ಹಾಕುವುದೇ ಅಲ್ಲಿಗೆ. ಹರಳು ಬೀಜದ ರೈಸಿನ್‌ಗೆ ಅದು ಹತ್ತಿರದ ನೆಂಟ. ಎರಡಕ್ಕೂ ಎರಡು ತುಂಡು: ಒಂದು ಜೀವಕೋಶದ ಮೇಲಿನ ಸಕ್ಕರೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಒಳಗೆ ನುಗ್ಗುತ್ತದೆ. ರೈಬೋಸೋಮ್ ಬಹುಪಾಲು ಆರ್‌ಎನ್‌ಎಯಿಂದಲೇ ಆದದ್ದು. ಅದರ ದೊಡ್ಡ ಭಾಗದಲ್ಲಿರುವ ಒಂದು ಎಳೆಯಲ್ಲಿ ಸುಮಾರು 5,000 ಅಕ್ಷರಗಳಿವೆ. ಅಷ್ಟರಲ್ಲಿ ಅಡೆನೀನ್ ಎಂಬ ಒಂದೇ ಒಂದು ಅಕ್ಷರವನ್ನು ಈ ವಿಷ ಕಿತ್ತುಹಾಕುತ್ತದೆ. ರೈಸಿನ್ ಹೀಗೆ ಮಾಡುತ್ತದೆಂದು ಜಪಾನಿನ ಯಾಯೆಟ ಎಂಡೊ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಆ ಒಂದಕ್ಷರ ಹೋದರೆ ಪೋಣಿಸುವ ಕೆಲಸ ನಿಂತಿತು. ವಿಷ ಅಲ್ಲಿಗೇ ಸುಮ್ಮನಾಗುವುದಿಲ್ಲ, ಮುಂದಿನ ರೈಬೋಸೋಮ್‌ಗೆ ಹೋಗುತ್ತದೆ. ಪ್ರತಿವಿಷ ಇಲ್ಲ. ಲಕ್ಷಣ ಕಾಣಿಸಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ದಿನವೇ ಕಳೆಯುತ್ತದೆ. ಮಗ ನಗುನಗುತ್ತ ಕಾರಿನ ಕಿಟಕಿಯಾಚೆ ಹಸು ಎಣಿಸುತ್ತಿದ್ದರೂ ನನಗೆ ಧೈರ್ಯ ಬರದಿದ್ದದ್ದು ಅದಕ್ಕೇ.

ಡಾಕ್ಟರ್ ಕೇಳಿದ್ದೂ ಅದೇ ಪ್ರಶ್ನೆ, ಕಚ್ಚಿದನಾ ಎಂದು. ಇಡೀ ಕಾಳಾದರೆ ಗಟ್ಟಿ ಸಿಪ್ಪೆ ಕರಗದೆ ಸಾಮಾನ್ಯವಾಗಿ ಹಾಗೇ ಹೊರಬೀಳುತ್ತದೆ; ಅಗಿದದ್ದು, ಸರ ಮಾಡಲು ತೂತು ಕೊರೆದದ್ದು ಅಪಾಯ ಎಂದರು. ಆದರೂ ಮನೆಗೆ ಕಳಿಸಲಿಲ್ಲ, ಅದು ಸರಿ ಕೂಡ. ಮಕ್ಕಳು ಗುಲಗಂಜಿ ನುಂಗಿದರೆ, ಇಡೀ ಇರಲಿ ಒಡೆದದ್ದಿರಲಿ, ಯಾರೂ ಮನೆಯಲ್ಲಿ ಕಾದು ನೋಡಬೇಡಿ.

ಮೂರನೇ ದಿನ ಕಾಳು ಹಾಗೇ ಬಂತು. ತೊಳೆದು, ಬೆಳಕಿಗೆ ಹಿಡಿದು, ಬಿರುಕಿದೆಯಾ ಎಂದು ಎಷ್ಟು ಸಲ ನೋಡಿದೆನೋ. ಅತ್ತೆ ಆ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. "ನನ್ನ ಡಬ್ಬಿ ಕಣೇ" ಎಂದು ಅತ್ತರು.

ಈಗ ಡಬ್ಬಿ ಬೀರುವಿನ ಮೇಲಿನ ಅರೆಯಲ್ಲಿದೆ, ಬೀಗದೊಳಗೆ. ಮೊನ್ನೆ ದೊಡ್ಡವಳಿಗೆ ಇದನ್ನೆಲ್ಲ ಚಿತ್ರ ಬರೆದು ವಿವರಿಸುತ್ತಿದ್ದೆ. ಸುಮ್ಮನೆ ಕೇಳಿಸಿಕೊಂಡವಳು, "ಅಬ್ರಿನ್ ಕೂಡ ಪ್ರೋಟೀನೇ ಅಲ್ವಾ? ಹಾಗಾದ್ರೆ ಅದನ್ನ ಕಟ್ಟಿದ್ದು ಯಾರು?" ಅಂದಳು.

"ಬಳ್ಳಿಯ ರೈಬೋಸೋಮ್" ಅಂದೆ.

ಅವಳು ಪೆನ್ಸಿಲ್ ತಗೊಂಡು, ನಾನು ಬರೆದ ರೈಬೋಸೋಮಿನ ಪಕ್ಕ ಒಂದು ಎಲೆ ಬಿಡಿಸಿದಳು.