ಕ್ರೀಟ್‌ನ ವಸಂತ: ದೂರ ಹೋಗಬೇಡಿ, ಎತ್ತರ ಬದಲಿಸಿ

ಮೆಡಿಟರೇನಿಯನ್ ತೀರ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಜೂನ್‌, ಜುಲೈನ ನೀಲಿ ಸಮುದ್ರ. ಕಾಡುಹೂ ನೋಡಲು ಹೋಗುವವರಿಗೆ ಅದು ಅತಿ ಕೆಟ್ಟ ಕಾಲ. ಅಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲಿ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸುರಿಯುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗೆ ಹನಿ ಬೀಳುವುದೇ ಅಪರೂಪ. ಗೆಡ್ಡೆಯ ಗಿಡಗಳು ಮೊದಲ ಮಳೆಗೆ ಚಿಗುರಿ, ಚಳಿಗಾಲವಿಡೀ ಎಲೆ ಬೆಳೆಸಿ, ವಸಂತದಲ್ಲಿ ಹೂಬಿಟ್ಟು, ಬಿಸಿಲೇರುವ ಮೊದಲೇ ನೆಲದೊಳಕ್ಕೆ ಮರೆಯಾಗುತ್ತವೆ. ಪಶ್ಚಿಮ ಘಟ್ಟದ ನೆಲದ ಆರ್ಕಿಡ್‌ಗಳು ಮುಂಗಾರಿನಲ್ಲಿ ಅರಳುವುದನ್ನು ಕಂಡವರು ಆ ಪಂಚಾಂಗವನ್ನು ಪೂರ್ತಿ ತಿರುಗಿಸಿ ಓದಬೇಕು. ಮೇ ಮಧ್ಯಕ್ಕೆ ಹೋದರೆ ಕಡಲತೀರದಲ್ಲಿ ಸಿಗುವುದು ಒಣಹುಲ್ಲು ಮತ್ತು ಮುಳ್ಳು.

ಗ್ರೀಸ್‌ನ ಕ್ರೀಟ್ ದ್ವೀಪ ಪೂರ್ವ–ಪಶ್ಚಿಮ ಸುಮಾರು 260 ಕಿ.ಮೀ. ಉದ್ದವಿದ್ದರೂ ಅಗಲ 60 ಕಿ.ಮೀ. ದಾಟುವುದಿಲ್ಲ. ಆ ಕಿರಿದಾದ ಪಟ್ಟಿಯಲ್ಲೇ ಎರಡು ಪರ್ವತಸಾಲುಗಳು 2,400 ಮೀಟರ್ ಮೀರಿ ಎದ್ದು ನಿಂತಿವೆ. ಹೂವಿನ ಕಾಲವನ್ನು ತೀರ್ಮಾನಿಸುವುದು ಈ ಎತ್ತರವೇ. ಕಡಲ ಮಟ್ಟದಲ್ಲಿ ಮಾರ್ಚ್‌ನಿಂದ ಏಪ್ರಿಲ್ ಮಧ್ಯದವರೆಗೆ, 400ರಿಂದ 800 ಮೀಟರ್‌ನಲ್ಲಿ ಏಪ್ರಿಲ್ ಪೂರ್ತಿ, 1,000 ಮೀಟರ್ ಮೇಲೆ ಏಪ್ರಿಲ್ ಕೊನೆಯಿಂದ ಮೇವರೆಗೆ. ಯಾವುದಾದರೂ ವರ್ಷ ಚಳಿ ಹೆಚ್ಚಾಗಿ ಹೂ ತಡವಾಯಿತೆನ್ನಿ, ಕಾರನ್ನು ಕೆಳಗಿಳಿಸಿ. ಬೇಗ ಒಣಗಿದರೆ ಮೇಲಕ್ಕೇರಿಸಿ. ಹಾಗಾಗಿ ದ್ವೀಪ ಸುತ್ತುವ ಆಸೆ ಬಿಟ್ಟು ಒಂದೇ ಊರಲ್ಲಿ ಏಳೆಂಟು ದಿನ ಬೀಡುಬಿಡಿ. ಏಪ್ರಿಲ್ ಎರಡನೇ ಮತ್ತು ಮೂರನೇ ವಾರ ಎಲ್ಲದಕ್ಕೂ ಹೊಂದುತ್ತದೆ.

ಊರು ಯಾವುದು? ದಕ್ಷಿಣ ತೀರದ ಪ್ಲಾಕಿಯಾಸ್‌ನಲ್ಲಿ ಸಮುದ್ರ ಎದುರಿಗೇ ಇರುತ್ತದೆ, ರೂಮುಗಳೂ ಧಾರಾಳ. ಆದರೆ ಬೆನ್ನಿಗಿರುವ ಕಮರಿಗಳ ಮೂಲಕ ಉತ್ತರದ ಗಾಳಿ ನುಗ್ಗಿ ಬರುತ್ತದೆ. ಕೆಲವು ದಿನ ಕಾರಿನ ಬಾಗಿಲು ತೆರೆಯುವುದೂ ಕಷ್ಟ. ನಮ್ಮ ಮತ ಸ್ಪೀಲಿಗೆ. ಉತ್ತರ ತೀರದ ರೆಥಿಮ್ನೋ ನಗರದಿಂದ ಸುಮಾರು 30 ಕಿ.ಮೀ. ದಕ್ಷಿಣಕ್ಕೆ, ಬೆಟ್ಟದ ಬುಡದ ಹಳ್ಳಿ. ಸಾಲು ಸಿಂಹಮುಖಗಳಿಂದ ಬುಗ್ಗೆಯ ನೀರು ಸುರಿಯುವ ಕಾರಂಜಿ ಚೌಕದ ಪಕ್ಕದಲ್ಲೇ ಇದೆ. ರಾತ್ರಿ ಸ್ಕಾಪ್ಸ್ ಗೂಬೆಯ ಒಂಟಿ ಸಿಳ್ಳು ಒಂದೇ ಅಂತರದಲ್ಲಿ ಕೇಳುತ್ತಿರುತ್ತದೆ. ಮುಖ್ಯವಾಗಿ, ಇಲ್ಲಿಂದ ಮೇಲಕ್ಕೂ ಕೆಳಕ್ಕೂ ಅರ್ಧ ಗಂಟೆಯೊಳಗೆ ತಲುಪಬಹುದು.

ಮೇಲಕ್ಕೆ ಅಂದರೆ ಗಿಯೂಸ್ ಕಾಂಬೋಸ್. ಗೆರಕಾರಿ ರಸ್ತೆಯಲ್ಲಿ ಕಾಲು ಗಂಟೆ ಹೋದರೆ ಕೆಡ್ರೋಸ್ ಬೆಟ್ಟದ ಮಗ್ಗುಲಲ್ಲಿ ಸಿಗುವ, ಏಳುನೂರು ಮೀಟರ್‌ಗೂ ಮೇಲಿನ ಬಯಲು. ಇಲ್ಲಿನ ಹೊಲಗಳಲ್ಲಿ ಟುಲಿಪಾ ಡೋರ್ಫ್ಲೆರಿ ಎಂಬ ಕಡುಕೆಂಪು ಕಾಡು ಟುಲಿಪ್ ಅರಳುತ್ತದೆ. ಕ್ರೀಟ್ ಬಿಟ್ಟು ಬೇರೆಲ್ಲೂ ಇಲ್ಲ. ಗೆಡ್ಡೆ ಆಳದಲ್ಲಿರುವುದರಿಂದ ಮೇಲೆ ನೇಗಿಲಾಡಿದರೂ ಬದುಕುತ್ತದೆ. ಬೆಳಗ್ಗೆ ಏಳಕ್ಕೇ ಓಡಿಹೋಗಿ ಮುಚ್ಚಿದ ಮೊಗ್ಗು ನೋಡಿ ಸಪ್ಪೆಮೋರೆ ಹಾಕಿಕೊಳ್ಳಬೇಡಿ. ಟುಲಿಪ್ ತೆರೆದುಕೊಳ್ಳುವುದು ಬಿಸಿಲು ಕಾದ ಮೇಲೆ, ಹತ್ತರ ನಂತರ. ಮೋಡ ಕವಿದ ದಿನ ಪೂರ್ತಿ ಮುಚ್ಚಿಯೇ ಇರಬಹುದು. ಅಂಥ ದಿನ ಆರ್ಕಿಡ್‌ಗೆ ಮೀಸಲಿಡಿ, ಚಿತ್ರ ತೆಗೆಯಲು ಮೋಡದ ಬೆಳಕೇ ವಾಸಿ.

ಆರ್ಕಿಡ್ ಇರುವುದು ಹೊಲದಲ್ಲಲ್ಲ, ಅಂಚಿನ ಕಲ್ಲುದಿಬ್ಬಗಳಲ್ಲಿ. ದಾರಿಯಲ್ಲಿ ನಿಂತು ನೋಡಿದರೆ ಒಂದೂ ಕಾಣದು. ಮುಳ್ಳುಪೊದೆಗಳ ನಡುವೆ ಮಂಡಿಯೂರಿ ಕಣ್ಣನ್ನು ಗೇಣುದ್ದದ ಎತ್ತರಕ್ಕೆ ಇಳಿಸಿದರೆ ಒಂದಾದ ಮೇಲೊಂದು ಕಾಣತೊಡಗುತ್ತವೆ. ಆಡು ಕುರಿ ಬಾಯಿ ಹಾಕಲಾಗದ ಜಾಗದಲ್ಲೇ ಹೂ ಉಳಿಯುವುದರಿಂದ ಮುಳ್ಳಿನ ಸಹವಾಸ ತಪ್ಪದು. ಮಂಡಿಗೆ ಹಾಕಿಕೊಳ್ಳಲು ಒಂದು ದಪ್ಪ ಮ್ಯಾಟ್, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಉದ್ದ ಪ್ಯಾಂಟು, ಇಷ್ಟು ಸಾಕು. ಹಾವಿನ ಭಯ ಬೇಡ. ಕ್ರೀಟ್‌ನಲ್ಲಿರುವ ನಾಲ್ಕು ಬಗೆಯ ಹಾವುಗಳಲ್ಲಿ ಮನುಷ್ಯರಿಗೆ ಅಪಾಯಕಾರಿಯಾದದ್ದು ಯಾವುದೂ ಇಲ್ಲ, ಮಂಡಲದ ಹಾವಿನ ಜಾತಿಯಂತೂ ಇಲ್ಲವೇ ಇಲ್ಲ.

ಆಫ್ರಿಸ್ ಗುಂಪಿನ ಆರ್ಕಿಡ್ ಸಿಕ್ಕರೆ ಅದರ ಕೆಳದಳವನ್ನು ಮಸೂರದಡಿ ನಿಧಾನವಾಗಿ ನೋಡಿ. ವೆಲ್ವೆಟ್ಟಿನಂಥ ಕಂದು ಮೈ, ಅಂಚಿಗೆ ನಿಜವಾದ ರೋಮ, ನಡುವೆ ಮಡಚಿದ ರೆಕ್ಕೆಯ ಮೇಲೆ ಬೆಳಕು ಬಿದ್ದಂಥ ಹೊಳಪಿನ ಗುರುತು. ಹೂವಿನಲ್ಲಿ ಮಕರಂದ ಒಂದು ತೊಟ್ಟೂ ಇಲ್ಲ. ಹೆಣ್ಣು ದುಂಬಿ ಬಿಡುವ ವಾಸನೆಯನ್ನೇ ಹೂ ಸೂಸುತ್ತದೆ. ಗಂಡು ಮೋಸಹೋಗಿ ಕೂಡಲು ಬರುತ್ತದೆ, ಪರಾಗದ ಎರಡು ಉಂಡೆಗಳನ್ನು ತಲೆಗೆ ಅಂಟಿಸಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಇದೇ ಬಯಲಲ್ಲಿ ಅನಾಕ್ಯಾಂಪ್ಟಿಸ್ ಬೋರಿಯಿ ಎಂಬ ನೇರಳೆ ಆರ್ಕಿಡ್ ಕೂಡ ಸಿಗುತ್ತದೆ. ಸಾಮಾನ್ಯವಾಗಿ ಆರ್ಕಿಡ್ ಗೊಂಚಲು ಬುಡದಿಂದ ತುದಿಗೆ ಅರಳುತ್ತ ಹೋದರೆ ಇದು ತುದಿಯಿಂದ ಕೆಳಕ್ಕೆ. ಗುರುತು ಹಿಡಿಯಲು ಅಷ್ಟೇ ಸಾಕು.

ಮನೆಗೆ ಬಂದು ಹೆಸರು ಹುಡುಕುವುದಾದರೆ ಪ್ರತಿ ಗಿಡಕ್ಕೂ ಮೂರು ಚಿತ್ರ ಬೇಕು: ಇಡೀ ಗಿಡ, ಹೂವಿನ ಎದುರುಮುಖ, ಮತ್ತು ಪಕ್ಕದಿಂದ ಹೂವಿನ ಹಿಂದಿರುವ ಬಾಲದಂಥ ಕೊಳವೆಯೂ ಬುಡದ ಎಲೆಯೂ ಕಾಣುವಂತೆ ಒಂದು. ಎಲ್ಲರೂ ಎದುರುಮುಖವನ್ನೇ ಐವತ್ತು ಸಲ ತೆಗೆದು ಬರುತ್ತಾರೆ, ಆಮೇಲೆ ಒದ್ದಾಡುತ್ತಾರೆ. ಕುಳಿತುಕೊಳ್ಳುವ ಮೊದಲು ಕಾಲಡಿ ನೋಡಿ. ಈ ವರ್ಷ ಹೂಬಿಡದ ಗಿಡಗಳ ಎಲೆಗಳು ನೆಲಕ್ಕಂಟಿಕೊಂಡು ಬಿದ್ದಿರುತ್ತವೆ. ಗೆಡ್ಡೆ ಕಿತ್ತು ತರುವ ಯೋಚನೆ ಖಂಡಿತ ಬೇಡ. ಕಾನೂನಿನ ಪ್ರಕಾರ ಅಪರಾಧ, ತಂದರೂ ಬದುಕುವುದಿಲ್ಲ. ಇವುಗಳ ಬೀಜದಲ್ಲಿ ಆಹಾರದ ದಾಸ್ತಾನೇ ಇಲ್ಲದೆ ಮೊಳೆಯುವುದಕ್ಕೂ ಅಲ್ಲಿನ ಮಣ್ಣಿನ ಶಿಲೀಂಧ್ರ ಬೇಕು.

ಕೆಳಕ್ಕೆ ಇಳಿಯುವ ದಿನ ಕುರ್ಟಾಲಿಯೋಟಿಕೋ ಕಮರಿ. ಬಂಡೆಗೋಡೆಗಳ ಬಿರುಕಿನಲ್ಲಿ ಎಬೆನಸ್ ಕ್ರೆಟಿಕಾ ಗುಲಾಬಿ ಗೊಂಚಲು ಬಿಟ್ಟಿರುತ್ತದೆ, ಇದೂ ಕ್ರೀಟ್‌ನದ್ದೇ. ಗ್ರಿಫನ್ ರಣಹದ್ದುಗಳು ಬಂಡೆ ಬಿಸಿಯಾಗಿ ಗಾಳಿ ಮೇಲೇಳುವವರೆಗೆ ಕದಲುವುದಿಲ್ಲ; ಹತ್ತರಿಂದ ಹನ್ನೊಂದರ ಹೊತ್ತಿಗೆ ರಸ್ತೆಬದಿಯ ಪಾರ್ಕಿಂಗ್‌ನಲ್ಲಿ ನಿಂತರೆ ಕಣ್ಣಿನ ಮಟ್ಟದಲ್ಲೇ ಹಾದುಹೋಗುತ್ತವೆ. ಬಾಲ ಗಮನಿಸಿ. ಮೋಟಾಗಿದ್ದರೆ ಗ್ರಿಫನ್, ಉದ್ದವಾಗಿ ತುದಿ ಚೂಪಾಗಿದ್ದರೆ ಅದು ಎಲುಬನ್ನು ಬಂಡೆಯ ಮೇಲೆ ಬೀಳಿಸಿ ಒಡೆದು ತಿನ್ನುವ ಗಡ್ಡದ ರಣಹದ್ದು. ಇಡೀ ಗ್ರೀಸ್‌ನಲ್ಲಿ ಅದು ಮರಿ ಮಾಡುವುದು ಈಗ ಕ್ರೀಟ್‌ನಲ್ಲಿ ಮಾತ್ರ, ಅದೂ ಕೆಲವೇ ಜೋಡಿ. ಕಂಡರೆ ಅದೃಷ್ಟ.

ಕಮರಿಯಿಂದ ಹರಿದ ಹೊಳೆ ಪ್ರೆವೆಲಿಯಲ್ಲಿ ಸಮುದ್ರ ಸೇರುತ್ತದೆ. ಅಲ್ಲಿನ ಕಾಡು ಖರ್ಜೂರದ ತೋಪು 2010ರ ಬೆಂಕಿಯಲ್ಲಿ ಸುಟ್ಟರೂ ಮತ್ತೆ ಚಿಗುರಿಕೊಂಡಿದೆ. ಹೊಳೆಯ ನಿಧಾನದ ಮಡುಗಳಲ್ಲಿ ಆಮೆಗಳು ಬಿಸಿಲು ಕಾಯುತ್ತಿರುತ್ತವೆ; ಮೆಟ್ಟಿಲು ನೂರಾರು ಇವೆ, ವಾಪಸು ಹತ್ತುವ ಲೆಕ್ಕವಿಟ್ಟು ನೀರು ಒಯ್ಯಿರಿ. ಏಪ್ರಿಲ್ ಕೊನೆಯ ಹೊತ್ತಿಗೆ ಹೊಳೆಬದಿಯಲ್ಲಿ ಕೊಳೆತ ಮಾಂಸದ ವಾಸನೆ ಹೊಡೆದರೆ ಸತ್ತ ಆಡು ಹುಡುಕಬೇಡಿ, ಡ್ರಾಕುಂಕುಲಸ್ ಹುಡುಕಿ. ಮೊಳಕ್ಕೂ ಉದ್ದ ಬೆಳೆಯಬಲ್ಲ ಕಡುನೇರಳೆ ಹೂ, ನಮ್ಮ ಸುವರ್ಣಗಡ್ಡೆಯ ಕುಟುಂಬದ್ದೇ, ಆ ಹೂವಿನಂತೆಯೇ ನಾತದಿಂದ ನೊಣ ಕರೆಯುತ್ತದೆ. ಅರಳಿದ ಮೊದಲ ದಿನ ಬಿಟ್ಟರೆ ವಾಸನೆ ಇಳಿದುಹೋಗುತ್ತದೆ.

ಆಲಿವ್ ತೋಟಗಳನ್ನು ತಾತ್ಸಾರ ಮಾಡಬೇಡಿ. ಉಳದೆ, ಕಳೆನಾಶಕ ಹೊಡೆಯದೆ ಬಿಟ್ಟ ಹಳೆಯ ತೋಟದಲ್ಲಿ ಹಳದಿ ಸೇವಂತಿಗೆ, ಗಸಗಸೆ ಜಾತಿಯ ಕೆಂಪು ಹೂ, ಕಾಡು ಗ್ಲಾಡಿಯೋಲಸ್ ಒಟ್ಟಿಗೇ ಇರುತ್ತವೆ. ಬೇಲಿಯಂಚಿನಲ್ಲಿ ಅರಿಸ್ಟೊಲೋಕಿಯಾ ಕ್ರೆಟಿಕಾ, ಅಂದರೆ ನಮ್ಮ ಈಶ್ವರಿ ಬಳ್ಳಿಯ ಸೋದರ, ಕಂಡರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಕ್ರೀಟ್‌ಗೆ ಮಾತ್ರ ಸೀಮಿತವಾದ ಫೆಸ್ಟೂನ್ ಚಿಟ್ಟೆ ಮೊಟ್ಟೆಯಿಡುವುದು ಈ ಗಿಡದ ಮೇಲೆ.

ವಲಸೆ ಹಕ್ಕಿಗಳಿಗೆ ಗಾಳಿಯೇ ವೇಳಾಪಟ್ಟಿ. ದಕ್ಷಿಣದ ಗಾಳಿ ಬೀಸಿದರೆ ಸಹಾರಾದ ದೂಳಿನಿಂದ ಆಕಾಶ ಹಳದಿಯಾಗುತ್ತದೆ, ಬೆಟ್ಟ ಕಾಣುವುದಿಲ್ಲ. ಅಂದು ಬೇಸರಿಸದೆ ಮರುದಿನ ಬೆಳಗ್ಗೆಯೇ ನೀರಿರುವ ಕಡೆ ಹೋಗಿ. ಆಫ್ರಿಕಾದಿಂದ ಸಮುದ್ರ ದಾಟಿ ದಣಿದ ಹಕ್ಕಿಗಳು ಇಳಿದಿರುತ್ತವೆ, ಕಳ್ಳಿಪೀರದ ಬಣ್ಣದ ದಂಡುಗಳೂ ಸೇರಿ. ಒಂದು ದಿನ ಪೂರ್ತಿ ಇಡಬಹುದಾದರೆ ಹಾನ್ಯಾ ನಗರದ ಬಳಿಯ ಅಗಿಯಾ ಕೆರೆ. ಜೊಂಡಿನ ಅಂಚಿನಲ್ಲಿ ಕ್ರೇಕ್ ಎಂಬ ಪುಟ್ಟ ನೀರುಹಕ್ಕಿಗಳು ಇಷ್ಟು ಹತ್ತಿರ ಬರುವ ಜಾಗ ಯುರೋಪಿನಲ್ಲಿ ಕಡಿಮೆ. 8 ಪಟ್ಟಿನ ದುರ್ಬೀನು ಸಾಕು. ಇನ್ನು ಸಮಾರಿಯಾ ಕಮರಿಯನ್ನು ಏಪ್ರಿಲ್ ಯೋಜನೆಯಲ್ಲಿ ಸೇರಿಸಬೇಡಿ, ಸಾಮಾನ್ಯವಾಗಿ ಅದು ತೆರೆಯುವುದೇ ಮೇ 1ಕ್ಕೆ. ಅದರ ಬದಲು ಇಂಬ್ರೋಸ್ ಕಮರಿ ಇದೆ, ಸುಮಾರು 8 ಕಿ.ಮೀ. ಇಳಿಜಾರು ನಡಿಗೆ.

ಬಸ್ಸಿದೆ, ಆದರೆ ಹೂವಿರುವಲ್ಲಿ ನಿಲ್ಲುವುದಿಲ್ಲ. ಕಾರು ಬೇಕೇ ಬೇಕು. ಊರಿನ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗೊಯ್ಯಿರಿ. ಬಾಡಿಗೆ ಕಾರಿನ ವಿಮೆಯಲ್ಲಿ ಟೈರು ಮತ್ತು ತಳಭಾಗ ಸೇರಿರುತ್ತದೆಯೇ ಎಂದು ಓದಿ ನೋಡಿ, ಬಹಳ ಸಲ ಇರುವುದಿಲ್ಲ. ಮಣ್ಣಿನ ದಾರಿಗೆ ಇಳಿಸಿ ತಳ ತಾಗಿಸಿಕೊಂಡರೆ ಖರ್ಚು ನಿಮ್ಮದೇ. ಬೆಟ್ಟದ ದಾರಿಯಲ್ಲಿ ಗಂಟೆಗೆ 35 ಕಿ.ಮೀ. ಲೆಕ್ಕ ಹಿಡಿಯಿರಿ. ತಂತಿ ಕಟ್ಟಿದ ಗೇಟು ಎದುರಾದರೆ ಬಿಚ್ಚಿ ದಾಟಿ, ಮತ್ತೆ ಇದ್ದಂತೆಯೇ ಕಟ್ಟಿ. ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಏಪ್ರಿಲ್ ಪ್ರಯಾಣಕ್ಕೆ ಜನವರಿಯಲ್ಲೇ ಸಂದರ್ಶನದ ದಿನ ಹಿಡಿದರೆ ನೆಮ್ಮದಿ.

ಊಟದ ವಿಷಯಕ್ಕೆ ಬಂದರೆ ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಟವೆರ್ನಾ ಎಂಬ ಹಳ್ಳಿಯ ಊಟದ ಮನೆಗಳಲ್ಲಿ 'ನಿಸ್ತೀಸಿಮೋ' ಎಂದು ಕೇಳಿದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಸಿಗುತ್ತದೆ: ಬೇಳೆಯ ಫಾವಾ, ದೊಡ್ಡ ಅವರೆಯಂಥ ಗಿಗಾಂತೆಸ್, ಅನ್ನ ಸುತ್ತಿದ ದ್ರಾಕ್ಷಿ ಎಲೆ. ಹೋರ್ತಾ ತಪ್ಪಿಸಬೇಡಿ, ಹೊಲದಂಚಿನಿಂದ ಕಿತ್ತು ತಂದ ಹತ್ತಾರು ಸೊಪ್ಪುಗಳನ್ನು ಬೇಯಿಸಿ ಎಣ್ಣೆ, ನಿಂಬೆರಸ ಹಾಕಿದ್ದು, ಕೋಲಾರದ ಕಡೆಯ ಬೆರಕೆ ಸೊಪ್ಪಿನ ಹಾಗೆ. ಒಂದೇ ಎಚ್ಚರ: ಅವರ ಉಪವಾಸದಲ್ಲಿ ಆಕ್ಟೋಪಸ್, ಸ್ಕ್ವಿಡ್, ಬಸವನಹುಳು ನಿಷಿದ್ಧವಲ್ಲ. ಅದನ್ನೂ ಬೇಡವೆಂದು ಬಿಡಿಸಿ ಹೇಳಿ.

ಗ್ರೀಸ್‌ನ ಕ್ರೈಸ್ತರು ಆಚರಿಸುವ ಆರ್ಥೊಡಾಕ್ಸ್ ಈಸ್ಟರ್ 2027ರಲ್ಲಿ ಮೇ 2ಕ್ಕೆ ಬರುತ್ತದೆ, ಹೂವಿನ ವಾರಗಳೆಲ್ಲ ಉಪವಾಸದೊಳಗೇ ಸೇರುತ್ತವೆ. 2028ರಲ್ಲಿ ಏಪ್ರಿಲ್ 16, ಸರಿಯಾಗಿ ನಟ್ಟನಡುವೆ. ಆ ವರ್ಷ ಹೋಗುವವರು ಅಡುಗೆಮನೆಯಿರುವ ರೂಮು ಹಿಡಿಯಿರಿ, ಹಬ್ಬದ ದಿನ ಊರಿಗೆ ಊರೇ ಕುರಿ ಸುಡುತ್ತಿರುತ್ತದೆ. ಅಂಗಡಿ, ಪೆಟ್ರೋಲ್ ಬಂಕ್ ಮುಚ್ಚಿರುವ ಸಂಭವ ಹೆಚ್ಚು. ಬ್ರೆಡ್ಡು, ತರಕಾರಿ, ಪೆಟ್ರೋಲ್ ಎಲ್ಲವನ್ನೂ ಹಬ್ಬದ ಹಿಂದಿನ ದಿನ, ಶನಿವಾರ ಮಧ್ಯಾಹ್ನದೊಳಗೆ ತುಂಬಿಸಿಕೊಳ್ಳಿ.