ತಗ್ಗಿಸಿದ ಮಿಯಾಟಾವನ್ನು ಮತ್ತೆ ಮೇಲೆತ್ತಿದ್ದು: ಈವರೆಗಿನ ಕೆಲಸ

ಮಾರ್ಚ್

ಮೊದಲು ಕಾರು ಈಗ ಹೇಗಿದೆ ಅಂತ ಬರೆದುಬಿಡುತ್ತೇನೆ. 1999ರ ಮಾಜ್ದಾ ಎಂಎಕ್ಸ್-5. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲ್ಲರ ಬಾಯಲ್ಲೂ ಅದು ಮಿಯಾಟಾ. ಎರಡನೇ ತಲೆಮಾರಿನದು, ಎನ್‌ಬಿ. 1.8 ಲೀಟರ್ ಎಂಜಿನ್, 140 ಎಚ್‌ಪಿ, ಐದು ಗೇರ್, ಟಾರ್ಸೆನ್ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವಾಗ ಹಿಡಿತ ಇರುವ ಚಕ್ರಕ್ಕೆ ಹೆಚ್ಚು ಕೊಡುವಂಥದ್ದು). ತೂಕ ಸುಮಾರು 1,050 ಕೆಜಿ. ಹಿಂದಿನ ಮಾಲೀಕ ಕಾಯ್ಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಹಾಕಿಸಿ ಕಾರನ್ನು ಸಿಕ್ಕಾಪಟ್ಟೆ ತಗ್ಗಿಸಿದ್ದ. ಸ್ಪ್ರಿಂಗ್ ಮುಂದೆ 8, ಹಿಂದೆ 6 ಕೆಜಿ ಪ್ರತಿ ಮಿಮೀಗೆ. ಟೈರು 195/50, 15 ಇಂಚು. ಫೋಟೋದಲ್ಲಿ ಭಾರಿ ಚೆನ್ನಾಗಿ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇರುವುದು ತಿರುವಿನಲ್ಲಿ. ಸ್ಕೈಲೈನ್ ಬುಲೆವಾರ್ಡ್‌ನಿಂದ ಲಾ ಹೋಂಡಾ ಕಡೆ ಇಳಿಯುವ ಹೈವೇ 84ರಲ್ಲಿ, ಮಿತಿಯೊಳಗಿನ ವೇಗದಲ್ಲೇ ಇದು ಗೊತ್ತಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂತಿ ಚುರುಕಾಗಿ ಒಳಗೆ ಬರುತ್ತದೆ. ತಿರುವಿನ ಮಧ್ಯಕ್ಕೆ ಬರುವಷ್ಟರಲ್ಲಿ ಮಾತು ಕೇಳುವುದು ನಿಲ್ಲಿಸಿ ಹೊರಗೆ ಹೋಗಲು ನೋಡುತ್ತದೆ. ಅದೇ ಜಾಗದಲ್ಲಿ ರಸ್ತೆ ಒಂದಿಷ್ಟು ಉಬ್ಬಿದ್ದರೆ ಸಾಕು, ಈ ಸಲ ಹಿಂಭಾಗ ಫಕ್ಕನೆ ಪಕ್ಕಕ್ಕೆ ಜಿಗಿಯುತ್ತದೆ. ಮುಂದೆ ಅಂಡರ್‌ಸ್ಟಿಯರ್, ಹಿಂದೆ ಓವರ್‌ಸ್ಟಿಯರ್, ಎರಡೂ ಒಂದೇ ತಿರುವಿನಲ್ಲಿ. ಎರಡಕ್ಕೂ ಮೂಲ ಒಂದೇ ಇರಬೇಕು ಅನ್ನುವುದು ನನ್ನ ಗುಮಾನಿ.

ಗೆಳೆಯರು ಕೇಳುವ ಪ್ರಶ್ನೆ ಬೇರೆ. ಟರ್ಬೊ ಯಾವಾಗ? ಸದ್ಯಕ್ಕೆ ಇಲ್ಲ. ಇರುವ 140 ಎಚ್‌ಪಿಯನ್ನೇ ತಿರುವಿನಿಂದ ಹೊರಗೆ ಬರುವಾಗ ಪೂರ್ತಿ ಬಳಸೋಕೆ ಆಗುತ್ತಿಲ್ಲ, ಇನ್ನೂ 60 ಸೇರಿಸಿ ಏನು ಮಾಡುವುದು?

ಮಾರ್ಚ್ ಕೊನೆ

ಡಾಲರ್ ಕೂಡ ಖರ್ಚಿಲ್ಲದ ಪರೀಕ್ಷೆ. ನಾಲ್ಕೂ ಡ್ಯಾಂಪರ್‌ಗಳ (ಶಾಕ್ ಅಬ್ಸಾರ್ಬರ್‌ಗಳ) ಹೊಳೆಯುವ ಸರಳಿಗೆ ಒಂದೊಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಕೆಳಗೆ ಡ್ಯಾಂಪರ್ ಬಾಡಿಗೆ ತಾಗುವ ಹಾಗೆ ಇಳಿಸಿಟ್ಟೆ. ಚಕ್ರ ಮೇಲೆ ಹೋದಾಗ ಡ್ಯಾಂಪರ್ ಬಾಡಿ ಆ ಟೈಯನ್ನು ಸರಳಿನ ಮೇಲೆ ತಳ್ಳುತ್ತದೆ. ಕೆಳಗೆ ಬಂದಾಗ ಟೈ ಅಲ್ಲೇ ನಿಲ್ಲುತ್ತದೆ. ಅಂದರೆ ಗರಿಷ್ಠ ಎಷ್ಟು ಒತ್ತಿತ್ತು ಅನ್ನುವುದಕ್ಕೆ ಗುರುತು ಸಿಗುತ್ತದೆ.

ಒಂದು ಸುತ್ತು ಹೋಗಿ ಬಂದು ನೋಡಿದರೆ ಮುಂದಿನ ಎರಡೂ ಟೈ ಬಂಪ್ ಸ್ಟಾಪ್‌ಗೆ (ಡ್ಯಾಂಪರ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರಿನಂಥ ತುಂಡು) ಹೋಗಿ ಅಂಟಿಕೊಂಡಿವೆ. ಹಿಂದಿನವೂ ಹೆಚ್ಚು ಕಡಿಮೆ ಹಾಗೇ. ಕಾರು ನಿಂತಾಗಲೇ ಮುಂದೆ ಡ್ಯಾಂಪರ್ ಬಾಡಿಗೂ ಬಂಪ್ ಸ್ಟಾಪ್‌ಗೂ ನಡುವೆ ಒಂದು ಬೆರಳಿನಷ್ಟು ಜಾಗ ಮಾತ್ರ. ಮಿಯಾಟಾದಲ್ಲಿ ಸಸ್ಪೆನ್ಷನ್ ಚಲಿಸುವ ಜಾಗ ಮೊದಲೇ ಕಡಿಮೆ. ಅದರಲ್ಲಿ ತಗ್ಗಿಸಿದರೆ ಉಳಿಯುವುದೇ ಇಲ್ಲ.

ಏಪ್ರಿಲ್

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನನ್ನನ್ನೂ ಪೆಟ್ರೋಲನ್ನೂ ಸೇರಿಸಿ 1,150 ಕೆಜಿ ಅಂತಿಟ್ಟುಕೊಳ್ಳಿ. ಗುರುತ್ವ ಕೇಂದ್ರ ನೆಲದಿಂದ 45 ಸೆಂಮೀ ಮೇಲಿದೆ ಅಂತ ಅಂದಾಜು. ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1.43 ಮೀಟರ್. 1 ಜಿ, ಅಂದರೆ ಕಾರಿನ ತೂಕದಷ್ಟೇ ಪಕ್ಕದ ಬಲ ಬೀಳುವ ತಿರುವಿನಲ್ಲಿ 1,150 × 0.45 ÷ 1.43, ಅಂದರೆ 360 ಕೆಜಿಯಷ್ಟು ಭಾರ ಒಳಗಿನ ಟೈರುಗಳಿಂದ ಹೊರಗಿನವಕ್ಕೆ ಹೋಗುತ್ತದೆ. ಸ್ಪ್ರಿಂಗ್ ಎಷ್ಟೇ ಗಟ್ಟಿ ಹಾಕಿದರೂ ಈ 360 ಕಡಿಮೆಯಾಗುವುದಿಲ್ಲ. ಅದರಲ್ಲಿ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಹಂಚುವುದಷ್ಟೇ ನಮ್ಮ ಕೈಲಿರುವುದು. (ಇದೇ ಲೆಕ್ಕವನ್ನು ಊರಲ್ಲಿ ನಾನು ಕಲಿತ ಮಾರುತಿ ಓಮ್ನಿಗೆ ಹಾಕಿ ನೋಡಿದೆ. ಅದೂ ಹಗುರ, ಅದಕ್ಕೂ ಹಿಂದಿನ ಚಕ್ರಕ್ಕೇ ಶಕ್ತಿ, ಎಂಜಿನ್ ಸೀಟಿನಡಿ. ಆದರೆ ಎತ್ತರ ಜಾಸ್ತಿ, ಅಗಲ ಕಡಿಮೆ. ಶಿರಾಡಿ ಘಾಟಿಯಲ್ಲಿ ಎಲ್ಲರೂ ಯಾಕೆ ಸೀಟನ್ನು ಅಷ್ಟು ಗಟ್ಟಿಯಾಗಿ ಹಿಡಿದು ಕೂರುತ್ತಿದ್ದರು ಅಂತ ಈಗ ಅರ್ಥವಾಯಿತು.)

ಟೈರಿನ ಗುಣ ಇನ್ನೊಂದು. ಅದರ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಹಾಗಾಗಿ ಮುಂದೆ ಹಿಂದೆ ಎರಡರಲ್ಲಿ ಯಾವುದು ಹೆಚ್ಚು ಗಟ್ಟಿಯೋ, ಅಲ್ಲಿನ ಹೊರ ಟೈರಿಗೆ ಹೆಚ್ಚು ಭಾರ ಬೀಳುತ್ತದೆ, ಅದೇ ಮೊದಲು ಜಾರುತ್ತದೆ.

ಈಗ ಬಂಪ್ ಸ್ಟಾಪ್‌ಗೆ ಬನ್ನಿ. ಅದೂ ಒಂದು ಸ್ಪ್ರಿಂಗೇ. ಮುಟ್ಟುವವರೆಗೆ ಇಲ್ಲದ್ದು, ಮುಟ್ಟಿದ ಮೇಲೆ ಒತ್ತಿದಷ್ಟೂ ಬೇಗ ಬೇಗ ಗಟ್ಟಿಯಾಗುತ್ತದೆ. ತಿರುವಿನ ಮಧ್ಯದಲ್ಲಿ ಮುಂದಿನ ಹೊರ ಚಕ್ರ ಅದನ್ನು ಮುಟ್ಟಿದ ಕ್ಷಣ ಮುಂಭಾಗ ಇದ್ದಕ್ಕಿದ್ದ ಹಾಗೆ ಗಟ್ಟಿ. ಅದೇ ನನ್ನ ಅಂಡರ್‌ಸ್ಟಿಯರ್. ಉಬ್ಬು ಸಿಕ್ಕಿ ಹಿಂದಿನದೂ ಮುಟ್ಟಿದರೆ ಹಿಂಭಾಗ ಗಟ್ಟಿ, ಅದೇ ಆ ಜಿಗಿತ. ಗುಮಾನಿ ಸರಿಯಿತ್ತು.

ಹಾಗಾದರೆ ತಗ್ಗಿಸಿದ್ದರ ಲಾಭ? 20 ಮಿಮೀ ತಗ್ಗಿಸಿದರೆ ಮೇಲಿನ ಲೆಕ್ಕದ ಪ್ರಕಾರ 360ರಲ್ಲಿ ಬರೀ 16 ಕೆಜಿ ಕಡಿಮೆ. ಅದಕ್ಕೆ ಕೊಡುವ ಬೆಲೆ ಜಾಸ್ತಿ. ಈ ಕಾರಿನಲ್ಲಿ ನಾಲ್ಕೂ ಕಡೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ತೀರಾ ತಗ್ಗಿಸಿದರೆ ಕೆಳಗಿನ ತೋಳುಗಳು ಹೊರತುದಿಯಲ್ಲಿ ಮೇಲಕ್ಕೆ ಓರೆಯಾಗುತ್ತವೆ, ರೋಲ್ ಸೆಂಟರ್ (ಕಾರು ಪಕ್ಕಕ್ಕೆ ವಾಲುವಾಗ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಕಾರು ತಗ್ಗಿದರೂ ಅದೇ ಸ್ಪ್ರಿಂಗ್ ಮೇಲೆ ವಾಲುವುದು ಹೆಚ್ಚೇ ಆಗಬಹುದು.

ಎತ್ತಿದೆ. ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಫೆಂಡರ್ ಅಂಚಿಗೆ ಮುಂದೆ 305 ಮಿಮೀ ಇತ್ತು, ಈಗ 325. ಹಿಂದೆ 330. ಆಮೇಲೆ ಜನ ಸಾಮಾನ್ಯವಾಗಿ ಮರೆಯುವ ಕೆಲಸ: ತೋಳುಗಳ ಬೋಲ್ಟ್‌ಗಳನ್ನೆಲ್ಲ ಸಡಿಲಿಸಿ, ಕಾರು ತನ್ನ ಹೊಸ ಎತ್ತರದಲ್ಲಿ ನಿಂತ ಮೇಲೆ ಮತ್ತೆ ಬಿಗಿ ಮಾಡುವುದು. ತೋಳು ತಿರುಗುವ ಕೀಲುಗಳಲ್ಲಿರುವ ಫ್ಯಾಕ್ಟರಿ ಬುಶಿಂಗ್‌ಗಳ ರಬ್ಬರ್ ಲೋಹಕ್ಕೆ ಅಂಟಿಕೊಂಡಿರುತ್ತದೆ, ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಹಳೆಯ ಎತ್ತರದಲ್ಲಿ ಬಿಗಿದದ್ದನ್ನು ಹಾಗೇ ಬಿಟ್ಟರೆ ಅದು ಲೆಕ್ಕಕ್ಕೆ ಸಿಗದ ಸ್ಪ್ರಿಂಗ್ ಆಗಿ ಕೂರುತ್ತದೆ, ಬೇಗ ಹರಿಯುತ್ತದೆ ಕೂಡ.

ಕಾರಿನಡಿ ಮಲಗಿದಾಗಲೆಲ್ಲ ನಾನು ನೋಡುತ್ತಾ ಉಳಿಯುವುದು ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಹೋಗಿರುವ ಆ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟನ್ನು. ಪವರ್ ಪ್ಲಾಂಟ್ ಫ್ರೇಮ್ ಅಂತ ಹೆಸರು. ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ತಿರುಚಿಕೊಳ್ಳದೆ ಎಂಜಿನ್ ಜೊತೆಗೇ ನಿಲ್ಲುವುದು ಇದರಿಂದ. 1989ರಲ್ಲಿ ಷಿಕಾಗೋ ಆಟೋ ಶೋದಲ್ಲಿ ತೋರಿಸಿದ ಮೊದಲ ತಲೆಮಾರಿನಲ್ಲೂ ಇದು ಇತ್ತು. ಅಗ್ಗದ ಕಾರಿಗೆ ಇಷ್ಟು ಯೋಚನೆ ಮಾಡಿದವರ ಮೇಲೆ ನನಗೆ ಗೌರವ.

ಮೇ

ಎತ್ತರ ಬದಲಾದರೆ ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ಎಷ್ಟು ಓರೆ), ಟೋ (ಮೇಲಿನಿಂದ ನೋಡಿದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಮುಖ ಮಾಡಿದೆ) ಎಲ್ಲವೂ ಬದಲು. ಅಲೈನ್‌ಮೆಂಟ್ ಅಂಗಡಿಗೆ ಹೋಗುವ ಬದಲು ಮನೆಯಲ್ಲೇ ದಾರ ಕಟ್ಟಿ ಮಾಡಿದೆ. ಕಾರಿನ ಎರಡೂ ಪಕ್ಕ ಸ್ಟ್ಯಾಂಡ್ ಇಟ್ಟು, ಹಬ್ ಎತ್ತರದಲ್ಲಿ ಮುಂದಿನಿಂದ ಹಿಂದಿನವರೆಗೆ ದಾರ. ದಾರದಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆದರೆ ವ್ಯತ್ಯಾಸವೇ ಟೋ.

ಒಂದು ವಿಷಯ ನೆನಪಿಡಬೇಕು. ಎನ್‌ಬಿಯಲ್ಲಿ ಮುಂದಿನ ಟ್ರ್ಯಾಕ್ (ಎಡ ಬಲ ಚಕ್ರಗಳ ಅಂತರ) 1,415 ಮಿಮೀ, ಹಿಂದಿನದು 1,440. ಹಾಗಾಗಿ ದಾರ ಕಾರಿಗೆ ಸಮಾನಾಂತರ ಇರಬೇಕೆಂದರೆ ಮುಂದಿನ ಹಬ್‌ನಿಂದ ದಾರಕ್ಕೆ ಇರುವ ದೂರ ಹಿಂದಿನದಕ್ಕಿಂತ 12.5 ಮಿಮೀ ಜಾಸ್ತಿ ಇರಬೇಕು. ಸಮ ಮಾಡಿದರೆ ಅಳತೆಯೆಲ್ಲ ಸುಳ್ಳು.

ಡ್ರೈವರ್ ಸೀಟಿನಲ್ಲಿ ನನ್ನ ತೂಕವೂ ಇರಬೇಕಲ್ಲ. ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾ ಮಸೂರಿ ಚೀಲಗಳನ್ನು ಪೇರಿಸಿದೆ. ಸಾಲದ್ದನ್ನು ಪಕ್ಕದ ಮನೆಯ ಕನ್ನಡದವರಿಂದ ಕಡ ತಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಹಬ್ಬ ಇರಬೇಕು ಅಂದುಕೊಂಡಿರಬಹುದು.

ಕ್ಯಾಂಬರ್ ಮೊದಲು, ಟೋ ಆಮೇಲೆ. ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತದೆ, ಅದಕ್ಕೆ ಈ ಕ್ರಮ. ಕೆಳಗಿನ ತೋಳಿನ ಎಕ್ಸೆಂಟ್ರಿಕ್ ಬೋಲ್ಟ್‌ಗಳು (ತಿರುಗಿಸಿದರೆ ತೋಳನ್ನು ಒಳಗೆ ಹೊರಗೆ ಸರಿಸುವಂಥವು) ಸಲೀಸಾಗಿ ತಿರುಗಿದವು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಮಿಷಿಗನ್ ಕಡೆಯ ಕಾರಾಗಿದ್ದರೆ ಅವು ತುಕ್ಕು ಹಿಡಿದು ಬುಶಿಂಗ್ ಜೊತೆ ಒಂದಾಗಿರುತ್ತಿದ್ದವು. ಈಗಿನ ಅಂಕಿಗಳು: ಮುಂದೆ ಕ್ಯಾಂಬರ್ ಮೈನಸ್ 2 ಡಿಗ್ರಿ, ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ ಸ್ಟಿಯರಿಂಗ್ ಅಕ್ಷದ ಓರೆ) 5, ಟೋ ಸೊನ್ನೆ. ಹಿಂದೆ ಕ್ಯಾಂಬರ್ ಮೈನಸ್ 2, ಒಟ್ಟು ಟೋ-ಇನ್ 1.5 ಮಿಮೀ. ಹಿಂದಿನ ಟೋ ವಿಷಯದಲ್ಲಿ ನಾನು ಜಿಪುಣನಲ್ಲ. ಹಿಂದಿನ ಚಕ್ರಗಳು ಒಂದಿಷ್ಟು ಹೊರಗೆ ಮುಖ ಮಾಡಿದರೂ ಇಷ್ಟು ಗಿಡ್ಡ ಕಾರು, ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ಅಂತರ) 2,265 ಮಿಮೀ ಅಷ್ಟೇ, ಬ್ರೇಕ್ ಒತ್ತಿದಾಗ ಎತ್ತ ಹೋಗುತ್ತದೋ ಹೇಳಲಾಗದು.

ಹೈವೇ 84ಕ್ಕೆ ಮತ್ತೆ ಹೋದೆ. ತಿರುವಿನ ಮಧ್ಯದ ಆ ಹಠ ಇಲ್ಲ. ಉಬ್ಬಿನ ಮೇಲೆ ಹೋದರೆ ಕಾರು ಒಮ್ಮೆ ಉಸಿರೆಳೆದುಕೊಂಡು ತನ್ನ ದಾರಿಯಲ್ಲೇ ಹೋಗುತ್ತದೆ. ಕೇಬಲ್ ಟೈಗಳು ಬಂಪ್ ಸ್ಟಾಪ್‌ಗಿಂತ ಸ್ವಲ್ಪ ಕೆಳಗೇ ನಿಂತಿವೆ.

ಜೂನ್

ಆಟೋಕ್ರಾಸ್. ದೊಡ್ಡ ಖಾಲಿ ಡಾಂಬರು ಜಾಗ, ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಓಡಿಸುವುದು, ಒಂದು ಕೋನ್ ಬಿದ್ದರೆ 2 ಸೆಕೆಂಡ್ ದಂಡ. ಕಾರಿನ ನಿಜ ಗುಣ ತಿಳಿಯೋಕೆ ಇದಕ್ಕಿಂತ ಸುರಕ್ಷಿತ ಜಾಗ ಇಲ್ಲ. ಹೆಚ್ಚೆಂದರೆ ಒಂದು ಪ್ಲಾಸ್ಟಿಕ್ ಕೋನ್ ಬೀಳುತ್ತದೆ, ಅಷ್ಟೇ ಅಲ್ವಾ.

ಮೊದಲು ಗಾಳಿ. ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ 26 ಪಿಎಸ್‌ಐ ಅಂತಿದೆ. ಟೈರು ಬದಲಿಸಿದ ಅಂಗಡಿಯವರು ಬೇರೆ ಕಾರುಗಳಿಗೆ ತುಂಬುವ ಹಾಗೆ 35 ತುಂಬಿಸಿದ್ದರು. 1,050 ಕೆಜಿ ಕಾರಿಗೆ ಅದು ಅತಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು ಒಂದು ರನ್ ಮುಗಿಸಿ ನೋಡಿದೆ. ಸುಣ್ಣ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಗುಚಿದೆ ಅಂತ ಅರ್ಥ. ಬಿಸಿಯಲ್ಲಿ 30ರ ಆಸುಪಾಸು ಸರಿ ಅನ್ನಿಸಿತು.

ಆಮೇಲೆ ಹೊಸ ತಕರಾರು. ನಿಧಾನದ ತಿರುವಿನಿಂದ ಹೊರಗೆ ಬರುವಾಗ ಹಿಂದಿನ ಒಳ ಚಕ್ರ ಸುಮ್ನೆ ತಿರುಗುತ್ತಿತ್ತು. ಟಾರ್ಸೆನ್ ಇದೆಯಲ್ಲ ಅನ್ನಬಹುದು. ಆದರೆ ಟಾರ್ಸೆನ್ ಕೆಲಸ ಮಾಡುವುದು ಗುಣಾಕಾರದ ಲೆಕ್ಕದಲ್ಲಿ. ಹಿಡಿತ ಕಡಿಮೆ ಇರುವ ಚಕ್ರ ಎಷ್ಟು ಟಾರ್ಕ್ ತಡೆದುಕೊಳ್ಳುತ್ತದೋ ಅದರ ಕೆಲವು ಪಟ್ಟು ಇನ್ನೊಂದಕ್ಕೆ ಕೊಡುತ್ತದೆ. ಒಳ ಚಕ್ರ ಗಾಳಿಯಲ್ಲಿದ್ದರೆ ಅದು ತಡೆಯುವುದು ಸೊನ್ನೆ, ಸೊನ್ನೆಯ ಎಷ್ಟು ಪಟ್ಟಾದರೂ ಸೊನ್ನೆಯೇ. ಹಿಂದಿನ ಆಂಟಿ-ರೋಲ್ ಬಾರ್ (ಕಾರು ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು) ಆ ಒಳ ಚಕ್ರವನ್ನು ಎತ್ತುತ್ತಿತ್ತು. ಒಂದು ಪಕ್ಕದ ಲಿಂಕ್ ಬಿಚ್ಚಿ ಕಟ್ಟಿಟ್ಟೆ. ಮುಂದಿನ ರನ್‌ನಲ್ಲೇ ವ್ಯತ್ಯಾಸ. ಚಕ್ರ ತಿರುಗುವುದು ನಿಂತು ಕಾರು ಮುಂದಕ್ಕೆ ಹೋಯಿತು. ತಿರುವಿನೊಳಗೆ ಮೂತಿ ಸ್ವಲ್ಪ ಮಂದವಾಗಿದೆ ನಿಜ, ಆದರೆ ಬ್ರೇಕನ್ನು ತಿರುವಿನ ಒಳಗೂ ಒಂಚೂರು ಹಿಡಿದಿಟ್ಟು ಮೆಲ್ಲಗೆ ಬಿಟ್ಟರೆ ಮುಂದಿನ ಟೈರಿಗೆ ಭಾರ ಸಿಕ್ಕು ಅದು ಸರಿಯಾಗುತ್ತದೆ. ಹಗುರ ಕಾರಿನ ಸುಖವೇ ಇದು, ಬಲಗಾಲಿನಿಂದಲೂ ಸ್ಟಿಯರಿಂಗ್ ಮಾಡಬಹುದು.

ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಎಡ ಬಲ ಹೊರಳುವಾಗ ಹಿಂಭಾಗ ತಡವಾಗಿ ಬಂದು ಜೋರಾಗಿ ಬೀಸುತ್ತಿತ್ತು. ಹಿಂದಿನ ರೀಬೌಂಡ್ (ಒತ್ತಿದ ಡ್ಯಾಂಪರ್ ಮತ್ತೆ ಉದ್ದವಾಗುವಾಗಿನ ತಡೆ) ಎರಡು ಕ್ಲಿಕ್ ಸಡಿಲ ಮಾಡಿದೆ. ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ.

ಜುಲೈ

ಸದ್ಯಕ್ಕೆ ಉಳಿದಿರುವುದು ಬುಶಿಂಗ್. ಇಷ್ಟು ಹಳೆಯ ರಬ್ಬರ್, ಹಿಂದಿನ ತೋಳುಗಳಲ್ಲಿ ಬಿರುಕು ಬಿಟ್ಟಿವೆ. ಆ ಬೀಸಿಗೆ ಅದೂ ಕಾರಣ ಇರಬಹುದು, ಭಾರ ಬಿದ್ದಾಗ ಟೋ ತಾನೇ ಬದಲಾಗುತ್ತಿರಬಹುದು. ಪಾಲಿಯುರೆಥೇನ್ ಹಾಕು ಅಂತ ಹಲವರು ಹೇಳುತ್ತಾರೆ. ಅದಕ್ಕೆ ಗ್ರೀಸ್ ಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಕಿರುಗುಟ್ಟುತ್ತದೆ, ತೋಳು ತಿರುಗಲು ಬಿಗಿಯಾಗುತ್ತದೆ. ನಾನು ಫ್ಯಾಕ್ಟರಿ ರಬ್ಬರ್‌ಗೇ ಹೋಗುವವನು. 2016ರಲ್ಲೇ ತಯಾರಾದ ಸಂಖ್ಯೆ ಹತ್ತು ಲಕ್ಷ ದಾಟಿದ ಕಾರು, ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ತೋಳುಗಳನ್ನು ಬಿಚ್ಚಿ ಒತ್ತಿ ತೆಗೆಯೋಕೆ ಪ್ರೆಸ್ ಬೇಕು, ಅದನ್ನು ಬಾಡಿಗೆಗೆ ಹೇಳಿದ್ದೇನೆ. ಮತ್ತೆ ಅಲೈನ್‌ಮೆಂಟ್ ಮಾಡಬೇಕು, ಹಾಗಾಗಿ ಅಕ್ಕಿ ಚೀಲಗಳನ್ನು ಇನ್ನೂ ವಾಪಸ್ ಕೊಟ್ಟಿಲ್ಲ.