ಪೋಲಾರ್ ಗ್ರಾಫ್ ಪಾಠವನ್ನು ಋಣ ತ್ರಿಜ್ಯದಿಂದ ಆರಂಭಿಸಬೇಕು

ಅಮೆರಿಕದ ಹೈಸ್ಕೂಲುಗಳಿಗೆ 2023ರಲ್ಲಿ ಎಪಿ ಪ್ರೀಕ್ಯಾಲ್ಕುಲಸ್ ಎಂಬ, ಕಾಲೇಜು ಮಟ್ಟದ ಹೊಸ ಕೋರ್ಸು ಬಂದಾಗ, ಅದರ ಮೂರನೆಯ ಘಟಕದ ಕೊನೆಯಲ್ಲಿ ಪೋಲಾರ್ ಗ್ರಾಫುಗಳಿಗೆ ಜಾಗ ಸಿಕ್ಕಿತು. ಧ್ರುವವೆಂಬ ಮೂಲಬಿಂದುವಿನಿಂದ ಇರುವ ದೂರ (ತ್ರಿಜ್ಯ, ಅಂದರೆ ಆರ್) ಮತ್ತು ದಿಕ್ಕಿನ ಕೋನ (ಥೀಟಾ) ಇವೆರಡರಿಂದ ಬಿಂದುಗಳನ್ನು ಗುರುತಿಸಿ ಬಿಡಿಸುವ ಚಿತ್ರಗಳು ಅವು. ಇಲ್ಲಿ ಗಣಿತ ಕಲಿಸುವ ನನಗೆ ಇದು ಇಷ್ಟದ ಪಾಠ. ಆದರೆ ತ್ರಿಕೋನಮಿತಿಯ ದೀರ್ಘ ಅಧ್ಯಾಯಗಳನ್ನು ಮುಗಿಸಿ ದಣಿದು ಬರುವ ಮಕ್ಕಳ ಮುಂದೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಒಂದು ಕೋಷ್ಟಕವನ್ನು ಹರಡುತ್ತವೆ. ಈ ಸಮೀಕರಣವಾದರೆ ದಳಗಳುಳ್ಳ ಗುಲಾಬಿ, ಇದಾದರೆ ಹೃದಯಾಕಾರದ ಕಾರ್ಡಿಯಾಯ್ಡ್, ಇದಾದರೆ ಒಳಸುರುಳಿಯುಳ್ಳ ಲಿಮಸಾನ್ ಎಂಬ ವಕ್ರರೇಖೆ ಎಂಬಂತಹ ಕೋಷ್ಟಕ ಅದು. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಕೋಷ್ಟಕ ಪಾಠದ ಕೊನೆಗೆ ಬರಬೇಕು, ಮೊದಲು ಬರಬೇಕಾದದ್ದು ಋಣ ತ್ರಿಜ್ಯ. ಈ ಅಧ್ಯಾಯದಲ್ಲಿ ವಿದ್ಯಾರ್ಥಿಗಳು ಎಡವುವ ಜಾಗಗಳನ್ನು ಹುಡುಕುತ್ತ ಹೋದರೆ ಬಹುಪಾಲು ಅಲ್ಲಿಗೇ ಬಂದು ನಿಲ್ಲುತ್ತವೆ.

ಆರ್ ಬೆಲೆ −2, ಥೀಟಾ ಬೆಲೆ 30° ಎಂದರೆ, 30° ದಿಕ್ಕಿಗೆ ಮುಖಮಾಡಿ ನಿಂತು ಎರಡು ಹೆಜ್ಜೆ ಹಿಂದಕ್ಕೆ ಸರಿದಂತೆ. ತಲುಪುವ ಬಿಂದು 210° ದಿಕ್ಕಿನಲ್ಲಿ ಎರಡು ಮಾನ ದೂರದಲ್ಲಿರುತ್ತದೆ. ಮುಖ ಒಂದು ಕಡೆಗೆ, ಬಿಂದು ಇನ್ನೊಂದು ಕಡೆಗೆ ಎಂಬುದು ಮನಸ್ಸಿಗೆ ಒಗ್ಗುವ ತನಕ ನಾನು ಒಂದೂ ವಕ್ರರೇಖೆಯನ್ನು ಬಿಡಿಸಲು ಕೊಡುವುದಿಲ್ಲ.

ಆಮೇಲೆ ನೇರವಾಗಿ ಆರ್ = 1 + 2 ಕಾಸ್ ಥೀಟಾ. ಇದನ್ನು ಮೊದಲು ಸಾಮಾನ್ಯ ಅಕ್ಷಗಳ ಮೇಲೆ, ಥೀಟಾ ಅಡ್ಡಲಾಗಿ ಮತ್ತು ಆರ್ ಲಂಬವಾಗಿ ಇರುವಂತೆ ಬಿಡಿಸಿಸುತ್ತೇನೆ. ಮಕ್ಕಳಿಗೆ ಆಗಲೇ ಪರಿಚಿತವಾದ ಕೊಸೈನ್ ಅಲೆ ಅದು. 3ರಿಂದ ಇಳಿದು 120°ಯಲ್ಲಿ ಸೊನ್ನೆ ಮುಟ್ಟುತ್ತದೆ, 180°ಯಲ್ಲಿ −1ಕ್ಕೆ ಹೋಗುತ್ತದೆ, 240°ಯಲ್ಲಿ ಮತ್ತೆ ಸೊನ್ನೆಗೆ ಬಂದು ಮೇಲೇರುತ್ತದೆ. ಈ ಅಲೆಯನ್ನು ಓದಿಕೊಂಡೇ ಪೋಲಾರ್ ಚಿತ್ರವನ್ನು ಬಿಡಿಸಬಹುದು. 120°ಯಿಂದ 240°ಯವರೆಗೆ ನಮ್ಮ ಮುಖ ಎಡಕ್ಕಿದ್ದರೂ ಆರ್ ಋಣವಾಗಿರುವುದರಿಂದ ಬಿಂದುಗಳು ಬಲಕ್ಕೆ ಬೀಳುತ್ತವೆ, ಒಳಸುರುಳಿ ಹುಟ್ಟುವುದು ಹಾಗೆ. ಈ ಸುರುಳಿಯ ಮೇಲಿನ ಅರ್ಧ ಮೊದಲು ಮೂಡುತ್ತದೆಯೋ ಕೆಳಗಿನ ಅರ್ಧವೋ ಎಂದು ಕೇಳಿದರೆ, ಆಕಾರವನ್ನು ಬಾಯಿಪಾಠ ಮಾಡಿದವರು ಮೇಲಿನದೆಂದು ಹೇಳಿಬಿಡುತ್ತಾರೆ. ಮೊದಲು ಮೂಡುವುದು ಕೆಳಗಿನದು, ಏಕೆಂದರೆ ಎರಡನೆಯ ಚತುರ್ಥಕದ ಕೋನಗಳು ಋಣ ತ್ರಿಜ್ಯದಿಂದ ನಾಲ್ಕನೆಯದಕ್ಕೆ ತಿರುಗುತ್ತವೆ. (ಈ ರೇಖೆಯನ್ನು ಪಾಸ್ಕಲ್‌ನ ಲಿಮಸಾನ್ ಎನ್ನುತ್ತಾರೆ. ಆ ಪಾಸ್ಕಲ್ ನಮಗೆ ಗೊತ್ತಿರುವ ಬ್ಲೇಸ್ ಅಲ್ಲ, ಅವನ ತಂದೆ ಎತಿಯೆನ್. ಜರ್ಮನಿಯ ಚಿತ್ರಕಾರ ಡ್ಯೂರರ್ ಇದನ್ನು ರಚಿಸುವ ವಿಧಾನವನ್ನು 1525ರಲ್ಲಿಯೇ ಕೊಟ್ಟಿದ್ದ.)

120°ಯಿಂದ 180°ಯವರೆಗೆ ಆರ್ ಸೊನ್ನೆಯಿಂದ −1ಕ್ಕೆ ಇಳಿಯುತ್ತದೆ, ಆದರೆ ಬಿಂದು ಧ್ರುವದಿಂದ ದೂರ ಹೋಗುತ್ತಿರುತ್ತದೆ. ಆರ್ ಇಳಿಯುತ್ತಿದ್ದರೆ ಬಿಂದು ಹತ್ತಿರವಾಗುತ್ತಿದೆ ಎಂದು ಬರೆಯುವ ಅಭ್ಯಾಸವನ್ನು ಬಿಡಿಸುವುದು ನಿಜಕ್ಕೂ ಕಷ್ಟ. ಎಪಿ ಕೋರ್ಸಿನ ಪೋಲಾರ್ ಭಾಗದ ಕೊನೆಯ ವಿಷಯ ಇದೇ ಆಗಿರುವುದು ನನಗೆ ಸಮಾಧಾನದ ಸಂಗತಿ, ಏಕೆಂದರೆ ಈ ಪ್ರಶ್ನೆಗೆ ಆಕಾರದ ಹೆಸರು ಗೊತ್ತಿದ್ದು ಏನೂ ಪ್ರಯೋಜನವಿಲ್ಲ.

ಗುಲಾಬಿಯ ನಿಯಮವೂ ಇಲ್ಲಿಂದಲೇ ಹೊರಡುತ್ತದೆ. ಆರ್ = ಕಾಸ್ 3ಥೀಟಾ ಎಂಬುದಕ್ಕೆ ಮೂರು ದಳ, ಆರ್ = ಕಾಸ್ 2ಥೀಟಾ ಎಂಬುದಕ್ಕೆ ನಾಲ್ಕು. ಕೋನಕ್ಕೆ 180° ಸೇರಿಸಿ ನೋಡಿದರೆ ಮೊದಲನೆಯದರಲ್ಲಿ ಆರ್ ಚಿಹ್ನೆ ಬದಲಾಗುತ್ತದೆ, ದಿಕ್ಕೂ ತಿರುಗಿರುತ್ತದೆ. ಎರಡು ತಿರುವುಗಳು ಒಂದನ್ನೊಂದು ರದ್ದುಮಾಡಿ ಹಳೆಯ ಬಿಂದುವಿಗೇ ಮರಳುತ್ತೇವೆ, ಅಂದರೆ ಅರ್ಧ ಸುತ್ತಿನಲ್ಲಿಯೇ ಹೂವು ಪೂರ್ತಿಯಾಗಿರುತ್ತದೆ. ಎರಡನೆಯದರಲ್ಲಿ ಚಿಹ್ನೆ ಬದಲಾಗದೆ ದಿಕ್ಕು ಮಾತ್ರ ತಿರುಗುವುದರಿಂದ, ಉಳಿದರ್ಧ ಸುತ್ತಿನಲ್ಲಿ ಇನ್ನೆರಡು ದಳಗಳು ಬರುತ್ತವೆ.

ಅಭ್ಯಾಸಕ್ಕೆ ಡೆಸ್ಮೋಸ್ ಎಂಬ ಗ್ರಾಫ್ ತಂತ್ರಾಂಶ ಒಳ್ಳೆಯದು, ಆದರೆ ಕಾಗದದ ಮೇಲೆ ಅಲೆಯನ್ನೂ ಚಿತ್ರವನ್ನೂ ಕೈಯಾರೆ ಬಿಡಿಸಿದ ಮೇಲೆ ಮಾತ್ರ. ಥೀಟಾದ ಮೇಲ್ಮಿತಿಗೆ ಒಂದು ಸ್ಲೈಡರ್ ಇಟ್ಟು ರೇಖೆ ಬೆಳೆಯುವುದನ್ನು ನೋಡಬೇಕು, ಸಿದ್ಧ ಚಿತ್ರವನ್ನು ನೋಡುವುದರಿಂದ ಕಲಿಯುವುದು ಅತ್ಯಲ್ಪ. ಸಮಮಿತಿಯ ಪರೀಕ್ಷೆಗಳನ್ನು ನಾನು ಬೇಗ ದಾಟಿಬಿಡುತ್ತೇನೆ, ಏಕೆಂದರೆ ಅವು ಗೆದ್ದರೆ ಮಾತ್ರ ಮಾತಾಡುತ್ತವೆ, ಸೋತರೆ ಸಮಮಿತಿ ಇಲ್ಲವೆಂದು ಅರ್ಥವಲ್ಲ. ಆರ್ = ಸೈನ್ 2ಥೀಟಾದಲ್ಲಿ ಥೀಟಾ ಬದಲು ಋಣ ಥೀಟಾ ಹಾಕಿದರೆ ಸಮೀಕರಣ ಬದಲಾಗುತ್ತದೆ, ಆದರೂ ಆ ನಾಲ್ಕು ದಳದ ಹೂವು ಅಡ್ಡ ಅಕ್ಷಕ್ಕೆ ಸಮಮಿತವಾಗಿಯೇ ಇದೆ.

ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. ಪಿಯುಸಿ ಪಠ್ಯದಲ್ಲಿ ಪೋಲಾರ್ ಗ್ರಾಫ್ ಬಿಡಿಸುವ ಪಾಠವೇ ಇಲ್ಲ. ಆದರೆ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಕಾಲಿಟ್ಟೊಡನೆ ತ್ರಿಜ್ಯರೇಖೆಗೂ ಸ್ಪರ್ಶಕಕ್ಕೂ ನಡುವಿನ ಕೋನ, ಪೆಡಲ್ ಸಮೀಕರಣ (ಧ್ರುವದಿಂದ ಸ್ಪರ್ಶಕಕ್ಕಿರುವ ಲಂಬದೂರವನ್ನು ಆರ್ ಜೊತೆ ಜೋಡಿಸುವ ಸಮೀಕರಣ) ಎಲ್ಲವೂ ಎದುರಾಗುತ್ತವೆ. ಆರ್ = 1 + ಕಾಸ್ ಥೀಟಾ ಮತ್ತು ಆರ್ = 1 − ಕಾಸ್ ಥೀಟಾ ಎಂಬ ಎರಡು ಕಾರ್ಡಿಯಾಯ್ಡುಗಳು ಪರಸ್ಪರ ಲಂಬವಾಗಿ ಛೇದಿಸುತ್ತವೆ ಎಂಬುದು ಅಲ್ಲಿನ ಚಿರಪರಿಚಿತ ಲೆಕ್ಕ. ಮೊದಲನೆಯದರಲ್ಲಿ ತ್ರಿಜ್ಯರೇಖೆಗೂ ಸ್ಪರ್ಶಕಕ್ಕೂ ನಡುವಿನ ಕೋನ 90° ಮತ್ತು ಥೀಟಾದ ಅರ್ಧದ ಮೊತ್ತ, ಎರಡನೆಯದರಲ್ಲಿ ಥೀಟಾದ ಅರ್ಧ ಮಾತ್ರ, ವ್ಯತ್ಯಾಸ 90°. ನಾಲ್ಕೇ ಸಾಲಿನಲ್ಲಿ ಉತ್ತರ ಮುಗಿಯುತ್ತದೆ, ಚಿತ್ರ ಯಾರೂ ಕೇಳುವುದಿಲ್ಲ. ಚಿತ್ರ ಬಿಡಿಸಿದರೆ ಆ ಎರಡು ರೇಖೆಗಳು ಮೂರು ಕಡೆ ಸೇರುವುದು ಕಾಣುತ್ತದೆ. 90° ಮತ್ತು 270°ಗಳಲ್ಲಿ ಲೆಕ್ಕ ಹೇಳಿದಂತೆಯೇ ಲಂಬವಾಗಿ ಛೇದಿಸುತ್ತವೆ. ಮೂರನೆಯದು ಧ್ರುವ. ಒಂದು ರೇಖೆ ಅಲ್ಲಿಗೆ 180°ಯಲ್ಲಿ ಬರುತ್ತದೆ, ಇನ್ನೊಂದು 0°ಯಲ್ಲಿ, ಹಾಗಾಗಿ ಎರಡು ಸಮೀಕರಣಗಳನ್ನು ಸಮೀಕರಿಸಿದರೆ ಈ ಬಿಂದು ಸಿಗುವುದೇ ಇಲ್ಲ. ಅಲ್ಲಿ ಎರಡರ ಮೊನೆಗಳೂ ಒಂದೇ ಅಡ್ಡ ಅಕ್ಷದ ಮೇಲೆ ಎದುರುಬದುರಾಗಿ ಕೂಡುತ್ತವೆ, ಆದ್ದರಿಂದ ಆ ಬಿಂದುವಿನಲ್ಲಿ ಅವು ಲಂಬವಾಗಿಲ್ಲ.